ಕೆಂಪು ಕಾರಿಗೆ ಮಗ್ಗದ ಬಡಿಗ

ಹೊಸಪೇಟೆಯ ಡಾಕ್ಟರೊಬ್ಬರ ಹಳೆಯ ಸ್ಪೋರ್ಟ್ಸ್ ಕಾರನ್ನು ನಾಲ್ಕು ಜನ ತಳ್ಳಿಕೊಂಡು ಇಳಕಲ್ಲಿನ ನನ್ನ ಗ್ಯಾರೇಜಿಗೆ ತಂದರು. ಕೆಂಪು ಬಣ್ಣ, ಇಬ್ಬರಿಗಷ್ಟೇ ಜಾಗ. ಗೇರ್ ಬಾಕ್ಸ್ ಇಳಿಸಿ ನೋಡಿದರೆ ಕ್ಲಚ್ ಪ್ಲೇಟು ಸವೆದು ರಿವೆಟ್‌ಗಳು ಕಾಣುತ್ತಿದ್ದವು. ಸಂಜೆ ಬಾದಾಮಿಯಲ್ಲಿ ಹಳೆಯ ಕಾರಿನವರೆಲ್ಲ ಕೂಡುವವರಿದ್ದರು.

“ಲಾರ್ಯಾಗ ಹೇರಿಕೊಂಡು ಹೋದ್ರ ಅವರ ಮುಂದ ನನ್ನ ಮಾನ ಉಳಿಯೂದಿಲ್ರಿ,” ಎಂದರು ಡಾಕ್ಟರು.

ಹೊಸ ಪ್ಲೇಟು ಅವರ ಡಿಕ್ಕಿಯಲ್ಲೇ ಇತ್ತು. ಅದನ್ನು ನಟ್ಟನಡುವೆ ಕೂಡಿಸುವ ಸಲಕರಣೆ ನನ್ನಲ್ಲಿರಲಿಲ್ಲ. ನಡು ತಪ್ಪಿದರೆ ಗೇರ್ ಬಾಕ್ಸ್ ಒಳಗೆ ಹೋಗುವುದಿಲ್ಲ. ಪಕ್ಕದಲ್ಲಿ ಮಗ್ಗ ಮಾಡುವ ಬಡಿಗ ಈರಪ್ಪನನ್ನು ಕರೆದೆ. ಅವನು ಪ್ಲೇಟಿನ ತೂತಿಗೆ, ಅದರ ಹಿಂದೆ ಎಂಜಿನ್ನಿನಲ್ಲಿರುವ ತೂತಿಗೆ ಬೆರಳಿಟ್ಟು ನೋಡಿ, ಎರಡಕ್ಕೂ ಹೊಂದುವಂತೆ ಒಂದು ಗೂಟ ಕೆತ್ತತೊಡಗಿದ.

“ಇಂಗ್ಲೆಂಡಿನ ಗಾಡಿಗೆ ಕಟ್ಟಿಗಿ ಹಾಕ್ತೀರೇನ್ರಿ?” ಡಾಕ್ಟರಿಗೆ ಗಾಬರಿ.

“ಒಂದು ಎಳಿ ತಪ್ಪಿದ್ರ ಇಳಕಲ್ ಸೀರಿಗೆ ಸೆರಗು ಕೂಡಂಗಿಲ್ರಿ ಸಾಹೇಬ್ರ. ನಿಮ್ಮದು ಬರೇ ಮೋಟಾರು,” ಅಂದ ಈರಪ್ಪ.

ಗೂಟ ತೂರಿಸಿ, ಪ್ಲೇಟು ಬಿಗಿದು, ಗೂಟ ಹೊರಗೆಳೆದೆ. ಡಾಕ್ಟರೂ ಕೈಹಚ್ಚಿದರು. ಗೇರ್ ಬಾಕ್ಸ್ ಒಮ್ಮೆ ದಬ್ಬಿದ್ದಕ್ಕೇ ಸರಕ್ಕನೆ ಕೂತಿತು. ಡಾಕ್ಟರು ಗ್ರೀಸಿನ ಕೈಯಲ್ಲೇ ಈರಪ್ಪನನ್ನು ಅಪ್ಪಿಕೊಂಡರು.

“ಬಿಡ್ರಿ, ಅಂಗಿ ಇವತ್ತ ಒಗದದ್ದೈತಿ!” ಅಂದ ಈರಪ್ಪ.

ಪರೀಕ್ಷೆಗೆಂದು ನನ್ನನ್ನು ಕೂಡಿಸಿಕೊಂಡು ಡಾಕ್ಟರು ಹುನಗುಂದದ ದಾರಿಯಲ್ಲಿ ಓಡಿಸಿದರು. ನನ್ನ ಟೋಪಿ ಹಾರಿತು. ನಾನು ನಕ್ಕೆ. ನಾನು ನಗುವುದು ಕಡಿಮೆ.

ಕಾರು ಲಾರಿ ಏರದೆ ಬಾದಾಮಿಗೆ ಹೋಯಿತು. ಆದರೆ ಆ ಸೀಟು ನೆಲಕ್ಕೆ ಹತ್ತಿದಷ್ಟು ತಗ್ಗು. ಪರೀಕ್ಷೆ ಮುಗಿಸಿ ಗ್ಯಾರೇಜಿಗೆ ಮರಳಿದಾಗ ಅದರೊಳಗಿಂದ ನನ್ನನ್ನು ಎತ್ತಲು ಈರಪ್ಪ, ಡಾಕ್ಟರು ಇಬ್ಬರೂ ಬೇಕಾದರು.