ಸರ್ಜಾನ ಕೋಶಗಳಿಗೆ ಸೂಟಿ ಕೊಟ್ಟ ಗಂಗಕ್ಕ

ಗಂಗಕ್ಕ ಬಾಗಿಲು ತಟ್ಟದೆ ಇನ್ಕ್ಯುಬೇಟರ್ ತೆರೆಯುತ್ತಿರಲಿಲ್ಲ. ಒಳಗೆ ಬೆಚ್ಚಗೆ ಬೆಳೆಯುವ ಜೀವಕೋಶಗಳಿಗೂ ಮಾನ ಮರ್ಯಾದೆ ಇದೆ ಎಂಬುದು ಆಕೆಯ ವಾದ. ಉದಗೀರದ ನಮ್ಮ ಪ್ರಯೋಗಾಲಯದಲ್ಲಿ ಆಕೆ ಹಿರಿಯ ವಿಜ್ಞಾನಿ, ನಾನು ಕೈಕೆಳಗಿನವಳು. ನಗು ಬಂದರೆ ಇಬ್ಬರೂ ಪಿಪೆಟ್ ಕೆಳಗಿಟ್ಟು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆವು.

ಸರ್ಜಾ ಅಂದರೆ ದೇವಣಿ ಊರಿನ ಮಲ್ಲಪ್ಪ ಕಾಕಾನ ಎತ್ತು. ಉಣ್ಣಿ ಕಚ್ಚಿ ಹಬ್ಬುವ ಜ್ವರಕ್ಕೆ ಕೊಟ್ಟಿಗೆಯ ಕರುಗಳೆಲ್ಲ ಸತ್ತರೂ ಅದೊಂದು ಬದುಕಿತ್ತು. ಅದರ ರಕ್ತದ ರಕ್ಷಕ ಕೋಶಗಳು ರೋಗಾಣುವಿನ ಯಾವ ತುಣುಕನ್ನು ಗುರುತು ಹಿಡಿದು ಹೊಡೆದವು? ತಿಳಿದರೆ ಲಸಿಕೆಗೆ ದಾರಿ. ಅದಕ್ಕೆಂದೇ ಗಂಗಕ್ಕ ಸಾವಿರಾರು ಬೇರೆ ಕೋಶಗಳನ್ನು ತಯಾರಿಸಿದಳು, ಒಂದೊಂದರ ಮೈಮೇಲೂ ರೋಗಾಣುವಿನ ಒಂದೊಂದು ತುಣುಕು. ಸರ್ಜಾನ ಕೋಶ ತಾನು ಬಲ್ಲ ತುಣುಕನ್ನು ಹಿಡಿದರೆ, ಅದನ್ನು ಹೊತ್ತ ಕೋಶ ಹಸಿರಾಗಿ ಹೊಳೆಯಬೇಕು. ನಿಲಂಗಾದ ಅರಿವೆ ಅಂಗಡಿಯವರ ಮಗಳಲ್ಲವೆ, ಹೇಳುತ್ತಿದ್ದಳು: "ಅರಿವಿ ಥಾನಿನ ಮ್ಯಾಲ ಥಾನು ಬಿಚ್ಚಿ ಹರವಬೇಕವಾ. ಗಿರಾಕಿ ಕಣ್ಣು ಯಾವುದರ ಮ್ಯಾಲರೆ ನಿಂತೇ ನಿಂದರ್ತದ."

ಎರಡು ಸಲ ಯಾವುದೂ ಹೊಳೆಯಲಿಲ್ಲ. ಅಷ್ಟರಲ್ಲಿ ಮುದಿ ಸರ್ಜಾ ಸತ್ತುಹೋಯಿತು. ಅದರ ಕೋಶಗಳ ಒಂದೇ ಶೀಶೆ ಉಳಿದಿತ್ತು. ಅದನ್ನೂ ತುಣುಕು ಹೊತ್ತ ಕೋಶಗಳ ಜೊತೆ ಬೆರೆಸಿಟ್ಟು, ಮರುದಿನ ತೆಗೆಯಲು ಹೋದರೆ ಗಂಗಕ್ಕ ಇನ್ಕ್ಯುಬೇಟರಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಇವತ್ತ ಕಾರಹುಣ್ಣಿವಿ, ಎತ್ತಿನ ಹಬ್ಬ. ಎತ್ತಿನ ಹೆಗಲ ಮ್ಯಾಲ ನೊಗಾ ಇಡಂಗಿಲ್ಲ."

"ಅಕ್ಕಾ, ಇವು ಎತ್ತಲ್ರೀ, ಕೋಶ."

"ಎತ್ತಿನವೇ ಹೌದಲ್ಲ? ಇವಕ್ಕೂ ಸೂಟಿ."

ಬೇಡಿಕೊಂಡೆ, ಸಿಟ್ಟಾದೆ. ಇದು ಕೆಟ್ಟರೆ ಮೂರು ವರ್ಷದ ದುಡಿಮೆ ನೀರಲ್ಲಿ ಹೋಮ. ಆಕೆ ಕೋಶಗಳಿಗೆ ಹೊಸ ಆಹಾರ ಹಾಕಿ, ನನ್ನನ್ನು ಹೊರಗೆ ದಬ್ಬಿ, ಬೀಗ ಜಡಿದು, ಬೈಯುತ್ತಿದ್ದ ನನ್ನ ಬಾಯಿಗೆ ಹೋಳಿಗೆ ತುರುಕಿದಳು.

ಮಾರನೆಯ ದಿನ ಸೂಕ್ಷ್ಮದರ್ಶಕದಲ್ಲಿ ಒಂದು ಹಸಿರು ಚುಕ್ಕೆ. ಆಮೇಲೆ ಇನ್ನೊಂದು. ಆಮೇಲೆ ಆರು. ಹಿಂದಿನ ಎರಡು ಸಲವೂ ನಾವು ಆತುರಪಟ್ಟು ಒಂದು ದಿನ ಮೊದಲೇ ತೆಗೆದುಬಿಟ್ಟಿದ್ದೆವು. ಹೊಳೆದವನ್ನು ಆರಿಸಿ ಪರೀಕ್ಷಿಸಿದರೆ ಎಲ್ಲದರ ಮೇಲೂ ಅದೇ ತುಣುಕು. ಐವತ್ತೆಂಟರ ಗಂಗಕ್ಕ ನನ್ನ ಕೈ ಹಿಡಿದು ಎರಡು ಮೇಜುಗಳ ನಡುವೆ ಗಿರಗಿರ ತಿರುಗಿ ಫುಗಡಿ ಆಡಿದಳು. ಒಂದು ಕುರ್ಚಿ ಮುರಿಯಿತು.

ಅದೇ ವಾರ ದೇವಣಿಗೆ ಹೋಗಿ ಹೇಳಿದೆವು. ಮಲ್ಲಪ್ಪ ಕಾಕಾ ಎಲ್ಲ ಕೇಳಿ, "ಹಂಗಾರ ಇನ್ನ ಕರಾ ಸಾಯಂಗಿಲ್ಲೇನವಾ?" ಎಂದ.

ಗಂಗಕ್ಕ ಆಗ ಮಾತ್ರ ನಗಲಿಲ್ಲ. "ಗೊತ್ತಿಲ್ಲ ಕಾಕಾ. ಎಲ್ಲಿ ಹೊಡೀಬೇಕಂತ ನಿಮ್ಮ ಸರ್ಜಾ ತೋರ್ಸ್ಯಾನ. ಹೊಡಿಯೂದು ನಮ್ಮ ಕೆಲಸ."

ಮುಂದಿನ ವರ್ಷ ಆಕೆ ತೀರಿಕೊಂಡಳು. ಆ ನಗುವಿಲ್ಲದ ಪ್ರಯೋಗಾಲಯ ನನಗೆ ಇಂದಿಗೂ ಒಗ್ಗಿಲ್ಲ. ಮೊನ್ನೆ, ನಮ್ಮ ಲಸಿಕೆ ಹಾಕಿಸಿಕೊಂಡ ಮೊದಲ ಕರು ಜ್ವರ ದಾಟಿ ಎದ್ದು ನಿಂತಿತು. ಕುಣಿಯುವ ಖುಷಿಯಲ್ಲಿ ಗಂಗಕ್ಕನ ನಂಬರ್ ಒತ್ತಿಬಿಟ್ಟೆ. ಆ ನಂಬರ್ ಈಗ ಬೇರೆ ಯಾರದೋ ಆಗಿತ್ತು, ಗಂಡಸೊಬ್ಬ ಎತ್ತಿದ. ಇಟ್ಟುಬಿಡಲು ಮನಸ್ಸಾಗದೆ, "ಕರಾ ಉಳಕೊಂಡದ್ರಿ" ಎಂದೆ.

ಆತ ಯಾವ ಕರು ಎಂದೂ ಕೇಳದೆ, "ಛಲೋ ಆತು ಬಿಡ್ರಿ" ಎಂದ.