ಸಂಶೋಧನೆಗೆ ಮಾತ್ರ

ಶರಾವತಿ ದಂಡೆಯ ಕಾಸರಕೋಡಿನಲ್ಲಿ ಹುಟ್ಟಿ, ಅದೇ ಊರಿನವರ ರಕ್ತ ತೆಗೆಯುವ ಕೆಲಸಕ್ಕೆ ಒಪ್ಪಿಕೊಂಡದ್ದೇ ಸುಚಿತಾಳ ಬುದ್ಧಿಗೇಡಿತನ. ಕುಮಟೆಯ ಪ್ರಯೋಗಾಲಯವೊಂದರಲ್ಲಿ ಭಾಸ್ಕರ ಸರ್ ಕೈಕೆಳಗೆ ಅವಳು ಸಹಾಯಕಿ. ಊರಿನವರ ರಕ್ತದಲ್ಲಿ ಅವರು ಹುಡುಕುತ್ತಿದ್ದುದು ಒಂದು ಪ್ರೊಟೀನು; ಹೊಟ್ಟೆಯೊಳಗಿನ ಮಗುವಿನ ರಕ್ತದಲ್ಲಿ ಅದು ತುಂಬಿರುತ್ತದೆ. ಹುಟ್ಟಿದ ಮೇಲೆ ಹೆಚ್ಚುಕಡಿಮೆ ಮಾಯವಾಗುತ್ತದೆ. ಬೆಳೆದವರಲ್ಲಿ ಅದು ಮತ್ತೆ ಏರಿದರೆ ಲಿವರಿನ ಮೇಲೆ ಅನುಮಾನ ಪಡಬೇಕು. ಅದನ್ನು ಹುಡುಕಿ ಅಂಟಿಕೊಳ್ಳುವ ಆ್ಯಂಟಿಬಾಡಿ ಮುಂಬಯಿಯಿಂದ ಪುಟ್ಟ ಸೀಸೆಯಲ್ಲಿ, ಐಸಿನ ನಡುವೆ ಕೂತು ಬರುತ್ತಿತ್ತು. ಕರೆಂಟು ಹೋದಾಗಲೆಲ್ಲ ಅದನ್ನೆತ್ತಿಕೊಂಡು ಫ್ರಿಜ್ಜಿನಿಂದ ಐಸ್ ಪೆಟ್ಟಿಗೆಗೆ ಓಡುವುದು ಸುಚಿತಾಳ ಪಾಡು. ಸೀಸೆಯ ಮೇಲಿನ ಚೀಟಿ ಹೇಳುತ್ತಿದ್ದುದು ಒಂದೇ: ಸಂಶೋಧನೆಗೆ ಮಾತ್ರ, ರೋಗ ಹೇಳುವುದಕ್ಕಲ್ಲ.

ಇದನ್ನು ಪಕ್ಕದ ಮನೆಯ ಸುಬ್ಬಕ್ಕನಿಗೆ ಯಾರು ತಿಳಿಸಬೇಕು? ಗಂಡ ಹೊಟ್ಟೆ ಉಬ್ಬಿ ಸತ್ತಂದಿನಿಂದ ತನ್ನದೂ ಅದೇ ಗತಿಯೇನೋ ಎಂದು ಅವಳಿಗೆ ಅಂಜಿಕೆ. ಅದಕ್ಕೇ ಎಲ್ಲರಿಗಿಂತ ಮೊದಲು ತೋಳು ಚಾಚಿದ್ದಳು. ಆಮೇಲೆ ವಾರವಾರವೂ ಡಬ್ಬಿಯಲ್ಲಿ ಒಣ ಸಿಗಡಿ ಹಿಡಿದು ಹಾಜರು.

"ನನ್ನ ರಕ್ತದಲ್ಲಿ ಎಂತ ಸಿಕ್ತೇ?"

"ಹೇಳೂಕೆ ಇಲ್ಲ ಸುಬ್ಬಕ್ಕ. ಅದು ಬರೀ ಸಂಶೋಧನೆ."

"ರಕ್ತ ನಂದು. ಹೇಳೂಕೆ ನಿಂಗೆ ಎಂತ ಕಷ್ಟ?"

ಸುಚಿತಾಳಿಗೆ ತಲೆ ಚಿಟ್ಟುಹಿಡಿದಿತ್ತು. ಬಸ್ಸಿಳಿದರೆ ಸುಬ್ಬಕ್ಕ, ಬಾವಿಕಟ್ಟೆಗೆ ಹೋದರೆ ಸುಬ್ಬಕ್ಕ. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವ ರೂಢಿ ಆ ಕೇರಿಯಲ್ಲಿಲ್ಲ. ಬೆಲ್ಲವೋ ಸಕ್ಕರೆಯೋ, ಏನೂ ಇಲ್ಲದಿದ್ದರೆ ನಾಲ್ಕು ಹೂವೋ ಹಾಕಿಯೇ ಕೊಡಬೇಕು. ಕೊಟ್ಟರೆ ಮರುವಾರ ಡಬ್ಬಿ ಮತ್ತೆ ಬರುತ್ತದೆ, ಜೊತೆಗೆ ಪ್ರಶ್ನೆಯೂ.

ಮಳೆಗಾಲ ಮುಗಿದ ಮೇಲೆ ಒಂದು ದಿನ, ಪರೀಕ್ಷೆಯ ತಟ್ಟೆಯ ಗುಳಿಗಳಲ್ಲಿ ಒಂದು ಮಾತ್ರ, ಆ ಪ್ರೊಟೀನು ಏರಿರುವ ಗುರುತಾಗಿ, ಕಡು ಹಳದಿಗೆ ತಿರುಗಿತು. ನಂಬರು ಸುಬ್ಬಕ್ಕನದು. ಸುಚಿತಾ ಮತ್ತೆ ಮಾಡಿ ನೋಡಿದಳು. ಮತ್ತೆ ಹಳದಿ.

"ಸರ್, ಅವರಿಗೆ ಹೇಳ್ಬೇಕಲ್ಲ?"

"ಒಂದು ಗುಳಿ ನೋಡಿ ರೋಗ ಅಂತ ಹೇಳೂಕೆ ಬರುದಿಲ್ಲ" ಎಂದರು ಭಾಸ್ಕರ ಸರ್. "ಚೀಟಿ ಓದಿಲ್ವಾ ನೀನು?"

ಓದಿದ್ದಳು. ಅವರು ಹೇಳಿದ್ದು ಸುಳ್ಳೂ ಅಲ್ಲ, ಅದೇ ಅವಳ ಮೈ ಉರಿಸಿತು. ರೋಗ ಇದೆ ಅನ್ನುವ ಹಾಗಿಲ್ಲ, ಇಲ್ಲ ಅನ್ನುವ ಹಾಗೂ ಇಲ್ಲ. ಹಾಗಾದರೆ ಯಾವ ಪುರುಷಾರ್ಥಕ್ಕೆ ಆ ಹೆಂಗಸಿನ ರಕ್ತ ತೆಗೆದದ್ದು? ಶರಾವತಿ ಸೇತುವೆ ದಾಟುವವರೆಗೂ ಸರ್, ಚೀಟಿ, ಮುಂಬಯಿ ಎಲ್ಲವನ್ನೂ ಮನಸ್ಸಿನಲ್ಲೇ ಬೈದಳು. ಮನೆಗೆ ಬಂದವಳೇ ಡಬ್ಬಿ ಎತ್ತಿಕೊಂಡು ಸುಬ್ಬಕ್ಕನ ಅಂಗಳಕ್ಕೆ ನಡೆದಳು.

"ನಾಳೆ ನನ್ ಸಂಗ್ತಿಗೆ ಮಣಿಪಾಲಕ್ಕೆ ಬನ್ನಿ. ಅಲ್ಲಿ ಡಾಕ್ಟ್ರು ಸರಿ ಮಾಡಿ ನೋಡ್ತ್ರು. ಎಂತದೂ ಇಲ್ದೇ ಇರೂಕೂ ಸಾಕು, ಸುಮ್ನೆ ಒಂದ್ಸಲ ತೋರ್ಸುದು."

ಸುಬ್ಬಕ್ಕ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಏನೂ ಇರಲಿಲ್ಲ. ಎಷ್ಟೇ ಸಿಡುಕಿದರೂ ಸುಚಿತಾ ಈವರೆಗೆ ಒಮ್ಮೆಯೂ ಡಬ್ಬಿಯನ್ನು ಬರಿದಾಗಿ ತಂದವಳಲ್ಲ.

"ಎಂತಾದ್ರೂ ಹಾಕೂಕೆ ಮರ್ತಿದ್ಯಲ್ಲೇ" ಎಂದಳು ಸುಬ್ಬಕ್ಕ. ಮುಚ್ಚಳ ಮುಚ್ಚಿ, "ಕಾಯ್ಲೆ ಅಷ್ಟು ಜೋರಾ?" ಎಂದು ಕೇಳಿದಳು.

ಇಷ್ಟು ತಿಂಗಳು ಬಾಯಿಪಾಠವಾಗಿದ್ದ ಉತ್ತರವನ್ನು ಬಿಟ್ಟು, ಸುಚಿತಾ ಡಬ್ಬಿಯನ್ನು ಇಸಿದುಕೊಂಡು ಬೆಲ್ಲ ತರಲು ಮನೆಯತ್ತ ತಿರುಗಿದಳು.