ಅಕ್ಕ ಎತ್ತಿಟ್ಟ ಬಿಸ್ಕತ್ತು

ದೊಡ್ಡ ಅಂಗಡಿಯ ದಿನಸಿ ಸಾಲಿನಲ್ಲಿ ಕೆಲಸ ಮಾಡುವ ಆಕೆಯನ್ನು ಜೊತೆಯವರು ಕರೆಯುವುದು ತಾರೀಕಮ್ಮ ಎಂದು. ಹೊಸ ಮಾಲು ಹಿಂದಕ್ಕೆ, ಹಳೆಯದು ಮುಂದಕ್ಕೆ. ಇಷ್ಟು ಮಾಡಲು ಯಾರಿಗೆ ಬರುವುದಿಲ್ಲ ಎಂದು ನೀವು ಕೇಳಬಹುದು. ಎಲ್ಲರಿಗೂ ಬರುತ್ತದೆ, ಯಾರೂ ಮಾಡುವುದಿಲ್ಲ. ಈಕೆ ಮಾಡುತ್ತಾಳೆ. ಡಬ್ಬಿಯ ತಳದಲ್ಲೋ ಪೊಟ್ಟಣದ ಮಡಿಕೆಯಲ್ಲೋ ತಾರೀಕು ಎಲ್ಲಿ ಅಡಗಿ ಕೂತಿದ್ದರೂ ಕಿವಿ ಹಿಡಿದು ಹೊರಗೆಳೆಯುತ್ತಾಳೆ. ಅವಧಿ ಮುಗಿದದ್ದನ್ನು ಹಿಂದಿನ ಕೋಣೆಗೆ ಒಯ್ದು, ಕತ್ತರಿಯಿಂದ ಸೀಳಿ ಕಸದ ಡ್ರಮ್ಮಿಗೆ ಸುರಿಯುವುದು ಅಲ್ಲಿನ ನಿಯಮ. ಇಡಿಯಾಗಿ ಎಸೆದರೆ ಯಾರಾದರೂ ಆರಿಸಿಕೊಂಡು ತಿಂದಾರು ಎಂಬ ಭಯ.

ಎಲ್ಲ ತಾರೀಕೂ ಒಂದೇ ಅಲ್ಲ ಎಂಬುದು ಆಕೆಗೆ ಚೆನ್ನಾಗಿ ಗೊತ್ತು. ಬೇಗ ಹಾಳಾಗುವ ಹಾಲು, ಮಾಂಸದ ಮೇಲೆ ‘ಇದರೊಳಗೆ ಬಳಸಿ’ ಎಂದಿದ್ದರೆ, ಆ ದಿನ ದಾಟಿದ ಮೇಲೆ ಮುಟ್ಟಬಾರದು. ಬಿಸ್ಕತ್ತಿನ ಮೇಲೆ ‘ಈ ತಾರೀಕಿನವರೆಗೆ ಉತ್ತಮ’ ಎಂದಿರುತ್ತದೆ. ದಾಟಿದರೆ ಗರಿಗರಿ ಕಡಿಮೆಯಾದೀತು, ರುಚಿ ಇಳಿದೀತು, ವಿಷವೇನೂ ಆಗುವುದಿಲ್ಲ. ಗಿರಾಕಿಗಳು ಕೇಳಿದರೆ ಹೀಗೇ ಬಿಡಿಸಿ ಹೇಳುತ್ತಾಳೆ. ಕತ್ತರಿ ಕೈಗೆ ಬಂದರೆ ಮಾತ್ರ ಎಲ್ಲವೂ ಒಂದೇ.

ತಾರೀಕು ಹತ್ತಿರವಾದ ಮಾಲು ಅರ್ಧ ಬೆಲೆಯ ಹಳದಿ ಚೀಟಿ ಅಂಟಿಸಿಕೊಂಡು ಬಾಗಿಲ ಬಳಿಯ ಬುಟ್ಟಿಗೆ ಬರುತ್ತದೆ. ಆ ಬುಟ್ಟಿಗೆ ಮೊದಲು ಕೈಹಾಕುವವಳು ತಾರೀಕಮ್ಮನೇ. ಅದರಲ್ಲಿ ತಪ್ಪಿಲ್ಲ, ಜಾಣರು ಮಾಡುವುದೇ ಅದು. ಆದರೆ ಅಕ್ಕನ ಮನೆಗೆ ಹೋಗುವಾಗ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು, ಹೊಸ ಮಾಲೆಂಬಂತೆ ಅಕ್ಕನ ಕೈಗಿಡುತ್ತಿದ್ದಳು. ‘ಬೇಗ ತಿಂದುಬಿಡು’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಉಡುಗೊರೆಯ ತೂಕ ಕಡಿಮೆಯಾಗುತ್ತದಲ್ಲ, ಅದಕ್ಕೇ ಹೇಳಲಿಲ್ಲ.

ಅಕ್ಕ ಹೊಲಿಗೆಯವಳು. ಮಹಡಿ ಮೇಲಿನ ಒಂದೇ ಕೋಣೆಯಲ್ಲಿ ಕಿಟಕಿಯ ಬಳಿ ಹೊಲಿಗೆ ಯಂತ್ರ, ಎದುರು ಮೂಲೆಯಲ್ಲಿ ಒಲೆ, ನಡುವೆ ಗೋಡೆಯಿಲ್ಲ. ಇದ್ದೊಬ್ಬ ಮಗಳು ಮದುವೆಯಾಗಿ ಈಗ ಬಸುರಿ. ಕೊನೆಯ ತಿಂಗಳುಗಳನ್ನು ಅಮ್ಮನ ಹತ್ತಿರ ಕಳೆಯಬೇಕೆಂದು ಅವಳಿಗೆ ಆಸೆ. ಕಳಿಸುವ ಮೊದಲು ಒಮ್ಮೆ ಮನೆ ನೋಡಿಕೊಂಡು ಹೋಗುತ್ತೇನೆ ಎಂದು ಬೀಗಿತ್ತಿ ಬಂದಿದ್ದರು. ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದು ನಿವೃತ್ತರಾದವರು. ಕೂರುವ ಮೊದಲು ಕುರ್ಚಿಯನ್ನೂ ಒಮ್ಮೆ ನೋಡಿ ಕೂರುವವರು. ಮಾತು ಸೋತರೆ ಜೊತೆಗಿರಲಿ ಎಂದು ಅಕ್ಕ ತಂಗಿಯನ್ನೂ ಕರೆಸಿದ್ದಳು.

ಮೊದಲಿಗೆ ಎಲ್ಲ ಚೆನ್ನಾಗಿಯೇ ಇತ್ತು. ಬೀಗಿತ್ತಿ ಗಾಳಿ ಬೆಳಕು ಚೆನ್ನಾಗಿದೆ ಎಂದರು, ಬಚ್ಚಲು ನೋಡಿ ಬಂದು ತಲೆಯಾಡಿಸಿದರು. ಅಕ್ಕನ ಮುಖ ಅರಳಿತು.

"ಮೇಲಿನ ಹಲಗೆಯಲ್ಲಿ ಒಳ್ಳೇ ಬಿಸ್ಕತ್ತಿದೆ ಕಣೇ, ತಟ್ಟೆಗೆ ಹಾಕು. ನಾನು ಚಹಾ ಸೋಸ್ತೀನಿ," ಎಂದಳು.

ತಾರೀಕಮ್ಮ ಪೊಟ್ಟಣ ತೆಗೆದಳು. ಕೈ ತಾನಾಗಿಯೇ ಅದನ್ನು ಮಗುಚಿತು, ಕಣ್ಣು ತಾರೀಕಿಗೆ ಹೋಯಿತು. ಯಂತ್ರದ ಮೇಲೆ ಅಕ್ಕನ ಕತ್ತರಿ ಇತ್ತು, ಬಟ್ಟೆಯಲ್ಲದೆ ಬೇರೇನನ್ನೂ ಮುಟ್ಟಿಸದ ಕತ್ತರಿ. ಅದನ್ನೇ ಎತ್ತಿಕೊಂಡು ಪೊಟ್ಟಣವನ್ನು ಅಡ್ಡಕ್ಕೆ ಸೀಳಿ ಕಸದ ಬುಟ್ಟಿಗೆ ಸುರಿದಳು.

"ಏನಾಯ್ತು?" ಎಂದರು ಬೀಗಿತ್ತಿ.

"ಅವಧಿ ಮುಗಿದಿದೆ. ತಿಂದ್ರೆ ಹೊಟ್ಟೆ ಕೆಡುತ್ತೆ. ನಮ್ಮ ಅಂಗಡೀಲಿ ಇಂಥದ್ದು ಒಂದು ನಿಮಿಷ ಇರೋಕೆ ಬಿಡಲ್ಲ ನಾನು. ಯಾರಕ್ಕಾ ನಿನಗೆ ಈ ಕಸ ಮಾರಿದ್ದು?"

ಬಾಯಿಬಿಟ್ಟರೆ ಬಣ್ಣಗೇಡು ಎನ್ನುವುದು ಇದಕ್ಕೇ. ಹೊಟ್ಟೆ ಕೆಡುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ದಾದಿಯ ಮುಂದೆ ತನಗೂ ನಾಲ್ಕಕ್ಷರ ಗೊತ್ತು ಎಂದು ತೋರಿಸಿಕೊಳ್ಳುವ ಚಪಲ, ಅಷ್ಟೇ. ಅಕ್ಕ ಸೋಸುತ್ತಿದ್ದ ಕೈ ನಿಲ್ಲಿಸಿ ಒಮ್ಮೆ ತಂಗಿಯ ಕಡೆ ನೋಡಿದಳು.

"ನಾನೇ ನೋಡದೆ ತಂದೆ," ಎಂದಳು.

"ಉಳಿದದ್ದೂ ನೋಡಿಬಿಡಿ ಒಂದ್ಸಲ," ಎಂದರು ಬೀಗಿತ್ತಿ. ದನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ.

ತಾರೀಕಮ್ಮ ಒಣದ್ರಾಕ್ಷಿ ತೆಗೆದಳು, ದಾಟಿತ್ತು. ಜಾಮಿನ ಬಾಟಲಿ, ಅದೂ ದಾಟಿತ್ತು. ಬಾಟಲಿಯ ಮುಚ್ಚಳದ ಮೇಲೆ ಬೆರಳಿಗೆ ಏನೋ ಅಂಟಿತು. ಉಗುರಿನಿಂದ ಕೆರೆದ ಗುರುತು, ಅಂಚಿನಲ್ಲಿ ಚೂರೇ ಚೂರು ಹಳದಿ ಕಾಗದ. ನೆಲ ಬಿರಿಯಬಾರದೇ ಅನ್ನಿಸಿತು ಆಕೆಗೆ. ಒಂದನ್ನೂ ಅಕ್ಕ ಒಡೆದಿರಲಿಲ್ಲ. ತಂಗಿ ದೊಡ್ಡ ಅಂಗಡಿಯಿಂದ ತಂದ ಒಳ್ಳೆಯ ಮಾಲು, ದೊಡ್ಡವರು ಬಂದಾಗ ಬೇಕಾಗುತ್ತದೆ ಎಂದು ಎತ್ತಿಟ್ಟಿದ್ದಳು.

ಹೇಳಬೇಕಿತ್ತು. ಇವು ನಾನು ಕೊಟ್ಟದ್ದು, ಇವನ್ನು ತಿಂದರೆ ಏನೂ ಆಗುವುದಿಲ್ಲ ಎಂದು ಎರಡು ಮಾತು. ನಾಲಿಗೆ ತುದಿಯವರೆಗೆ ಬಂದದ್ದನ್ನು ತಾರೀಕಮ್ಮ ನುಂಗಿಕೊಂಡಳು. ಅಂಗಡಿಯಲ್ಲಿ ಸಾಲು ಸಾಲಿಗೆ ಬುದ್ಧಿ ಹೇಳುವ ಹೆಂಗಸು ಒಂದು ಬಾಟಲಿ ಹಿಡಿದುಕೊಂಡು ಮೂಕಿಯಂತೆ ನಿಂತಳು. ನನಗೆ ಆಕೆಯ ಮೇಲೆ ಸಿಟ್ಟು ಬರುವುದು ಇಲ್ಲೇ. ಕತ್ತರಿ ಆಡಿಸಿದ್ದು ಅಭ್ಯಾಸಬಲ ಎನ್ನೋಣ, ಈ ಮೌನಕ್ಕೆ ಏನೆನ್ನುವುದು?

ಬೀಗಿತ್ತಿ ಚಹಾ ಮುಟ್ಟಲಿಲ್ಲ. "ಸೊಸೆ ಸದ್ಯಕ್ಕೆ ನಮ್ಮಲ್ಲೇ ಇರಲಿ. ನೀವೇ ಬಂದು ನೋಡ್ಕೊಂಡು ಹೋಗಿ," ಎಂದು ಎದ್ದರು. ಅಕ್ಕ "ಸರಿ, ಹಾಗೇ ಆಗಲಿ" ಎಂದು ನಗುತ್ತಲೇ ಬಾಗಿಲವರೆಗೆ ಹೋಗಿ ಬೀಳ್ಕೊಟ್ಟಳು.

ಅವರ ಹೆಜ್ಜೆ ಸದ್ದು ಕೆಳಗಿಳಿದ ಮೇಲೆ ತಾರೀಕಮ್ಮನಿಗೆ ತಡೆಯಲಾಗಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಬಸ್ ನಿಲ್ದಾಣದಲ್ಲಿ ಬೀಗಿತ್ತಿಯ ಮುಂದೆ ನಿಂತು, ಏದುಸಿರಿನಲ್ಲೇ ಎಲ್ಲ ಹೇಳಿದಳು: ಚೀಟಿ ಕೆರೆದದ್ದು, ಉಡುಗೊರೆ ಕೊಟ್ಟದ್ದು, ಹೊಟ್ಟೆ ಕೆಡುತ್ತದೆ ಎಂದದ್ದು ಸುಳ್ಳು ಎಂಬುದು.

ಬೀಗಿತ್ತಿ ಪೂರ್ತಿ ಕೇಳಿಸಿಕೊಂಡರು.

"ನೀವು ಹೇಳ್ತಿರೋದು ನಿಜವೇ ಇರಬಹುದಮ್ಮ. ಆದ್ರೆ ಅಕ್ಕನ ಮರ್ಯಾದೆ ಉಳಿಸೋಕೆ ಯಾವ ತಂಗಿಯಾದ್ರೂ ಹೀಗೇ ಓಡಿ ಬರ್ತಾಳೆ. ಅಲ್ಲೇ ಹೇಳಿದ್ರೆ ನಂಬ್ತಿದ್ದೆ," ಎಂದರು. ಬಸ್ಸು ಬಂತು, ಹತ್ತಿದರು.

ತಾರೀಕಮ್ಮ ತಲೆ ತಗ್ಗಿಸಿಕೊಂಡು ಮೆಟ್ಟಿಲು ಹತ್ತಿದಳು. ಅಕ್ಕ ಮಗಳಿಗೆಂದು ಪಕ್ಕದ ಮನೆಯಿಂದ ಮಂಚ ತಂದಿಟ್ಟುಕೊಂಡಿದ್ದಳು. ಈಗ ಅದರ ಹಾಸಿಗೆ ಸುತ್ತಿಟ್ಟು, ಮಂಚದ ಒಂದು ಬದಿ ಎತ್ತಿ ನಿಂತಿದ್ದಳು.

"ಅಕ್ಕಾ, ಅವೆಲ್ಲ ನಾನೇ ಕೊಟ್ಟಿದ್ದು..."

"ಗೊತ್ತು ಕಣೇ," ಎಂದಳು ಅಕ್ಕ. "ಆ ಕಡೆ ಹಿಡ್ಕೋ. ವಾಪಸ್ ಕೊಟ್ಟು ಬರೋಣ."